ಗುಂಡ್ಲುಪೇಟೆ ರಸ್ತೆಯಲ್ಲಿ ಬೋರ್ಡು ನೆಟ್ಟವರಿಗೆ

ಜಿಲ್ಲೆಯ ರಸ್ತೆಗಳ ಹೊಣೆ ಹೊತ್ತ ಹಿರಿಯ ಅಧಿಕಾರಿಗಳಿಗೆ,

ರಸ್ತೆಯ ಯಜಮಾನರಾದ ಮಾನ್ಯರೇ,

ನನ್ನ ನಾದಿನಿ ಕುಮಾರಿ ಲಾರಿಯಡಿ ಸಿಕ್ಕಿ ಸತ್ತ ಜಾಗದಲ್ಲಿ ನೀವು ಒಂದು ಬೋರ್ಡು ನೆಡಿಸಿದ್ದೀರಿ. ಹಳದಿ ಬಣ್ಣ, ಕಪ್ಪು ಅಕ್ಷರ, ಕಬ್ಬಿಣದ ಎರಡು ಕಾಲು, ಬುಡಕ್ಕೆ ಸಿಮೆಂಟು. 'ಸೈಕಲ್ ಸವಾರರೇ, ನಿಮ್ಮ ಸುರಕ್ಷತೆಗೆ ನೀವೇ ಹೊಣೆ' ಎಂದು ಬರೆಸಿದ್ದೀರಿ. ಕಾಗುಣಿತದ ತಪ್ಪಿಲ್ಲ, ನಾನು ಶಾಲೆಯ ಮೇಡಂ, ಮೊದಲು ಅದನ್ನೇ ನೋಡಿದೆ. ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗಿನ ಅಷ್ಟೂ ದಾರಿಯಲ್ಲಿ ಸೈಕಲ್ಲಿನವರಿಗೆಂದು ನಿಮ್ಮ ಕಚೇರಿ ಈವರೆಗೆ ಮಾಡಿದ ಖರ್ಚು ಅದೊಂದೇ. ನಾವು ದಾರಿ ಕೇಳಿದೆವು, ನೀವು ಬುದ್ಧಿಮಾತು ಕೊಟ್ಟಿರಿ. ಹೋದ ತಿಂಗಳು ಆ ಬೋರ್ಡನ್ನು ಹಾರೆಯಿಂದ ಮೀಟಿದಳೆಂದು ಕುಮಾರಿಯ ತಾಯಿ, ನನ್ನ ಅತ್ತೆ ಮಲ್ಲಿಗಮ್ಮನ ಮೇಲೆ ಸರ್ಕಾರಿ ಆಸ್ತಿಗೆ ಹಾನಿ ಮಾಡಿದ ಕೇಸು ಹಾಕಿಸಿದ್ದೀರಿ. ಮಗಳನ್ನು ಕಳೆದುಕೊಂಡವಳು ಆರೋಪಿ, ಒಂದು ಕಾಲು ಸೊಟ್ಟಗಾದ ಬೋರ್ಡು ಸಂತ್ರಸ್ತ. ನ್ಯಾಯ ಎಷ್ಟು ಬೇಗ ಎದ್ದು ಬರುತ್ತದೆ ನೋಡಿ, ನೊಂದದ್ದು ಕಬ್ಬಿಣವಾದರೆ!

ಸರ್ಕಾರದ ಸಂಬಳ ತಿನ್ನುವವಳು ಸರ್ಕಾರದ ಅಧಿಕಾರಿಗೆ ಪತ್ರಿಕೆಯ ಮೂಲಕ ಬರೆಯಬಾರದೆಂಬ ನಿಯಮ ನನಗೆ ಗೊತ್ತಿದೆ. ನಿಮ್ಮ ಟೇಬಲ್ಲಿಗೆ ಬಂದ ಅರ್ಜಿಯನ್ನು ಓದಬೇಕೆಂಬ ನಿಯಮ ನಿಮಗೂ ಗೊತ್ತಿರಬೇಕು. ನಿಮ್ಮ ನಿಯಮವನ್ನು ನೀವು ಮೊದಲು ಮುರಿದಿರಿ. ನಾನು ಈಗ ಮುರಿಯುತ್ತಿದ್ದೇನೆ.

ಕುಮಾರಿ ಯಾರೆಂದು ನಿಮಗೆ ನೆನಪಿದೆಯೋ ಇಲ್ಲವೋ, ಹೇಳುತ್ತೇನೆ. ನಮ್ಮದು ತೆರಕಣಾಂಬಿಗೆ ಮುಂಚೆ ಸಿಗುವ ಸಣ್ಣ ಹಳ್ಳಿ. ಹಿರಿಯರಿಗೆ ಅಕ್ಷರ ಕಲಿಸುವ ಆಂದೋಲನ ಊರಿಗೆ ಬಂದ ವರ್ಷ ಕೇರಿಯ ಹೆಂಗಸರಿಗೆ ಶಾಲೆಯ ಜಗಲಿಯಲ್ಲಿ ಸಂಜೆ ಪಾಠ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕಾರ್ಯಕರ್ತರು ಓಡಾಡಲೆಂದು ಒಂದು ಹಳೇ ಸೈಕಲ್ಲು ಕೊಟ್ಟಿದ್ದರು. ಮೊದಲ ದಿನವೇ ಕುಮಾರಿ ಸ್ಲೇಟು ಪಕ್ಕಕ್ಕಿಟ್ಟು ಎದ್ದು ನಿಂತಳು. "ಅತ್ಗೆ, ಅ ಆ ಇ ಈ ಆಮ್ಯಾಕೆ ಕಲ್ಸೀವ್ರಂತೆ. ಮೊದ್ಲು ಇದ್ನ ಕಲ್ಸಿ" ಎಂದಳು. ನನಗೆ ಬರುತ್ತಿತ್ತು, ಕಲಿಸಿದೆ. ಶಾಲೆಯ ಬಯಲಲ್ಲಿ ಮಂಡಿ ತರಚಿಕೊಂಡು, ಬೇಲಿಗೆ ನುಗ್ಗಿ, ನಗುತ್ತಾ ಕಲಿತಳು. ನನ್ನ ಅತ್ತೆ ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದರು. "ಗಂಡೈಕ್ಳಂಗೆ ಕಾಲೆತ್ತಾಕಂಡು ಕುಂತ್ಕತೀಯಲ್ಲಮ್ಮಿ, ನಿನ್ನ ಯಾವನು ಕಟ್ಕಂಡನು?"

"ಸೈಕಲ್ ಇಂದ್ಗಡೆ ಓಡಾಕೆ ಆಯ್ತದೆ ಅನ್ನೋನು ಕಟ್ಕತನೆ ಬುಡವ್ವ" ಎಂದು ಅವಳು ಪೆಡಲ್ ತುಳಿದುಕೊಂಡು ಹೋದಳು.

ಅದೇ ಅತ್ತೆಗೆ ಮಾರನೇ ವರ್ಷ ಹೊಟ್ಟೆನೋವು ಬಂದು ಮನೆಯಲ್ಲಿ ಹೊರಳಾಡುವಾಗ ಬಸ್ಸಿರಲಿಲ್ಲ. ಊರಿನ ಒಂದೇ ಒಂದು ಮೋಟರ್ ಸೈಕಲ್ಲಿನವರು ಮದುವೆಗೆ ಹೋಗಿದ್ದರು. ಕುಮಾರಿ ತಾಯಿಯನ್ನು ಕ್ಯಾರಿಯರ್ ಮೇಲೆ ಕೂರಿಸಿ, ಹಳೇ ಸೀರೆಯಿಂದ ತನ್ನ ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ತುಳಿದಳು. ಇನ್ನೊಂದು ಸ್ವಲ್ಪ ತಡವಾಗಿದ್ದರೆ ಕರುಳು ಕೊಳೆಯುತ್ತಿತ್ತು ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಅತ್ತೆ ಆ ಸೈಕಲ್ಲನ್ನು ಬೈದದ್ದನ್ನು ನಾನು ಕೇಳಲಿಲ್ಲ. ಶುಕ್ರವಾರ ಒದ್ದೆ ಬಟ್ಟೆಯಿಂದ ಅವರೇ ಒರೆಸಿ ಹ್ಯಾಂಡಲ್ಲಿಗೆ ಕುಂಕುಮ ಇಡುತ್ತಿದ್ದರು.

ಆಮೇಲೆ ಕುಮಾರಿ ಸ್ವಂತಕ್ಕೊಂದು ಸೈಕಲ್ಲು ಕೊಂಡಳು. ಚಾಮರಾಜನಗರದ ಹೊರಗಿನ ನೂಲಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಬೆಳಗಿನ ಪಾಳಿ ಶುರುವಾಗುವ ಹೊತ್ತಿಗೆ ನಮ್ಮೂರಿಗೆ ಮೊದಲ ಬಸ್ಸೇ ಬಂದಿರುವುದಿಲ್ಲ. ಆದ್ದರಿಂದ ಆ ಕೆಲಸ ಸೈಕಲ್ ಬರುವವರಿಗೆ ಮಾತ್ರ ಸಿಗುವ ಕೆಲಸವಾಗಿತ್ತು. ಅವಳನ್ನು ನೋಡಿ ಇನ್ನೂ ಕೆಲವರು ಕಲಿತರು. ಮೇಲಿನ ಬೀದಿಯ ಶಿವರುದ್ರಸ್ವಾಮಿಯವರ ಮಗಳು ಶಿವರಂಜನಿಯೂ ಕಲಿತಳು. ಆ ಮನೆಯವರು ನಮ್ಮ ಕೇರಿಯಲ್ಲಿ ನೀರು ಕುಡಿಯುವವರಲ್ಲ. ಆದರೆ ಊರು ದಾಟಿ ರಸ್ತೆಗೆ ಬಿದ್ದ ಮೇಲೆ ಶಿವರಂಜನಿ ಕುಮಾರಿಯ ಬಾಟಲಿಯಿಂದಲೇ ಕುಡಿಯುತ್ತಿದ್ದಳು. ಯಾವ ಭಾಷಣದಿಂದಲೂ ಆಗದ್ದು ಎರಡು ಚಕ್ರದಿಂದ ಆಗುತ್ತಿತ್ತು, ಸ್ವಾಮಿ. ನಿಮಗೆ ಅದು ಕಾಣಲಿಲ್ಲ. ಗಾಜು ಏರಿಸಿದ ಕಾರಿನಿಂದ ಬಹಳ ಸಂಗತಿಗಳು ಕಾಣುವುದಿಲ್ಲ.

ಆಗ ಚಾಮರಾಜನಗರ ಜಿಲ್ಲೆಯಾಯಿತು. ನಾವೂ ಪಟಾಕಿ ಹೊಡೆದೆವು. ಇನ್ನು ಮುಂದೆ ಕಚೇರಿಗಳಿಗಾಗಿ ಮೈಸೂರಿಗೆ ಅಲೆಯಬೇಕಾಗಿಲ್ಲ, ಅನ್ಯಾಯ ಹತ್ತಿರದಲ್ಲೇ ಸಿಗುತ್ತದೆ ಎಂದು ಆಗ ತಿಳಿದಿರಲಿಲ್ಲ. ಜಿಲ್ಲೆಯೆಂದ ಮೇಲೆ ರಸ್ತೆ ಅಗಲವಾಗಬೇಕಲ್ಲ? ಅಗಲ ಮಾಡಿಸಿದಿರಿ. ಮೊದಲು ಡಾಂಬರಿನ ಎರಡೂ ಪಕ್ಕ ಹುಣಸೆ ಮರಗಳ ನೆರಳಲ್ಲಿ ಮಣ್ಣಿನ ದಾರಿಯಿತ್ತು. ಎತ್ತಿನ ಗಾಡಿ, ಕುರಿ, ಶಾಲೆಯ ಮಕ್ಕಳು, ಸೈಕಲ್ಲು ಎಲ್ಲ ಅದರಲ್ಲೇ ಹೋಗುತ್ತಿದ್ದವು. ಮರ ಕಡಿಸಿದಿರಿ. ಮಣ್ಣಿನ ದಾರಿಯ ಮೇಲೆ ಜಲ್ಲಿ ಸುರಿದು ಡಾಂಬರು ಹಾಕಿಸಿದಿರಿ. ಹಾಕಿದ್ದರ ಮೇಲೆ ಇನ್ನೊಂದು ಪದರ ಹಾಕಿಸಿದಿರಿ. ಅಂಚಿನಲ್ಲಿ ಡಾಂಬರು ಒಂದು ಗೇಣು ಎತ್ತರಕ್ಕೆ ನಿಂತಿತು, ಅದರಾಚೆ ಹಳ್ಳ. ಮೇಲೆ ಕೇರಳಕ್ಕೆ ತರಕಾರಿ ಸಾಗಿಸುವ ಲಾರಿಗಳು ಹಾರಿಕೊಂಡು ಹೋಗತೊಡಗಿದವು. ಸೈಕಲ್ಲಿನವರು ಎಲ್ಲಿ ಹೋಗಬೇಕು? ಲಾರಿಯ ಮುಂದೆ, ಇಲ್ಲವೇ ಹಳ್ಳದ ಒಳಗೆ. ನಿಮ್ಮ ನಕ್ಷೆಯಲ್ಲಿ ಮೂರನೆಯ ಜಾಗವಿರಲಿಲ್ಲ.

ಮೊದಲು ಬಿದ್ದವಳು ಶಿವರಂಜನಿ. ಹಿಂದಿನಿಂದ ಹಾರ್ನ್ ಬಾರಿಸಿದ ಬಸ್ಸಿಗೆ ದಾರಿ ಬಿಡಲು ಹೋಗಿ, ಚಕ್ರ ಅಂಚಿನಿಂದ ಜಾರಿ, ಮುಂಗೈ ಮುರಿಯಿತು. ಆ ವಾರವೇ ನಾವು ಐದಾರು ಹೆಂಗಸರು ನಿಮ್ಮ ಕಚೇರಿಗೆ ಬಂದೆವು. ಶಿವರಂಜನಿ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದಳು. ಬೆಳಿಗ್ಗೆ ಬಂದವರನ್ನು ನೀವು ಊಟ ಮುಗಿಸಿ ಒಳಗೆ ಕರೆದಿರಿ. ರಸ್ತೆಯ ಪಕ್ಕಕ್ಕೆ ಗ್ರಾವೆಲ್ ಹಾಕಿದ ಒಂದು ಸೈಕಲ್ ದಾರಿ ಮಾಡಿಸಿಕೊಡಿ, ಅದಾಗುವ ತನಕ ಅಂಚಿಗೆ ಮಣ್ಣು ಏರಿಸಿ ಇಳಿಜಾರು ಮಾಡಿಸಿ ಎಂದು ಅರ್ಜಿ ಕೊಟ್ಟು ಕೇಳಿದೆ. ನೀವು ನಕ್ಕಿರಿ. ಕೆಟ್ಟ ನಗುವೇನಲ್ಲ, ತಿಂದದ್ದು ಚೆನ್ನಾಗಿ ಅರಗುತ್ತಿರುವವರ ನಗು.

"ಸೈಕಲ್ಲಿಗೂ ರಸ್ತೆ ಕೇಳ್ತೀರಲ್ಲಮ್ಮ, ನಾಳೆ ಎಮ್ಮೆಗೂ ಒಂದು ರಸ್ತೆ ಕೇಳ್ತೀರಾ?" ಎಂದಿರಿ. ನಿಮ್ಮ ಸಿಬ್ಬಂದಿಯೂ ನಕ್ಕರು. ನಗುವುದೂ ಅವರ ಕೆಲಸದಲ್ಲಿ ಸೇರಿದೆ ಪಾಪ.

ಕುಮಾರಿ ಮುಂದೆ ಬಂದಳು. "ಎಮ್ಮೆಗೆ ಬ್ಯಾಡ ಸಾ. ಅದು ನಟ್ಟನಡು ರಸ್ತೇಲೇ ಓಯ್ತದೆ, ಅದ್ಕೆ ಲಾರಿನೂ ನಿಲ್ತದೆ, ನಿಮ್ಮ ಜೀಪೂ ನಿಲ್ತದೆ. ನಾವು ಮರ್ವಾದಿಯಾಗಿ ಓರೇಲಿ ಓಯ್ತೀವಲ್ಲ, ನಮ್ಗೇ ಯಾರೂ ನಿಲ್ಸಲ್ಲ."

ಸಿಬ್ಬಂದಿ ನಿಮ್ಮ ಮುಖ ನೋಡಿದರು. ನೀವು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ. ಅವಳನ್ನು ಮೇಲಿಂದ ಕೆಳಗೆ ನೋಡಿ, ಇವಳು ಫೋಟೋದಲ್ಲಿ ಚೆನ್ನಾಗಿ ಬರುತ್ತಾಳೆ ಎಂದು ನಿಮಗೆ ಆ ಕ್ಷಣದಲ್ಲೇ ಹೊಳೆದಿರಬೇಕು. ಜಿಲ್ಲೆಯ ಮೊದಲ ವರ್ಷದ ಸಂಭ್ರಮಕ್ಕೆ ಸೈಕಲ್ ಜಾಥಾ ಮಾಡುತ್ತಿದ್ದೇವೆ, ದೊಡ್ಡ ಅತಿಥಿಗಳು ಬರುತ್ತಾರೆ, ನೀವೆಲ್ಲ ಬನ್ನಿ, ಅವರ ಬಾಯಿಂದಲೇ ನಿಮ್ಮ ದಾರಿಯನ್ನು ಘೋಷಣೆ ಮಾಡಿಸುತ್ತೇನೆ ಎಂದಿರಿ. ನಾವು ನಂಬಿದೆವು. ಊರಿಗೆ ಮರಳುವಾಗ ದಾರಿಯುದ್ದಕ್ಕೂ ಕುಮಾರಿ ಹಾಡುತ್ತಾ ಬಂದಳು.

ಜಾಥಾ ಚೆನ್ನಾಗಿಯೇ ಆಯಿತು. ಅದನ್ನು ಅಲ್ಲಗಳೆಯಲಾರೆ. ಎಲ್ಲರ ಎದೆಗೂ ಹಸಿರು ಟೇಪು, ಹೆಂಗಸರ ಕೈಗೊಂದು ಬಾವುಟ. ಮುಂದೆ ಪೊಲೀಸ್ ಜೀಪು, ಹಿಂದೆ ಆಂಬುಲೆನ್ಸು, ಅಡ್ಡರಸ್ತೆಗಳಿಗೆಲ್ಲ ಹಗ್ಗ. ಚಾಮರಾಜನಗರದ ಬೀದಿಯಲ್ಲಿ ಒಂದು ಲಾರಿಯಿಲ್ಲ, ಒಂದು ಬಸ್ಸಿಲ್ಲ. "ಇಂಗಿದ್ರೆ ಕಾಶಿಗಂಟ ತುಳೀಬೋದು ಕಣತ್ಗೆ" ಎಂದಳು ಕುಮಾರಿ. ಮುಖ್ಯ ಅತಿಥಿಗಳು, ಇಬ್ಬರು ಪೇದೆಗಳು ಹಿಡಿದುಕೊಂಡ ಸೈಕಲ್ಲಿನ ಮೇಲೆ ಕೂತು, ಕ್ಯಾಮೆರಾ ಇರುವಷ್ಟು ದೂರ ತುಳಿದು, ಇಳಿದು ಬೆವರು ಒರೆಸಿಕೊಂಡರು. ವೇದಿಕೆಯ ಮೇಲೆ ಕುಮಾರಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಈ ತಂಗಿಯರಿಗಾಗಿ ಗುಂಡ್ಲುಪೇಟೆ ರಸ್ತೆಯುದ್ದಕ್ಕೂ ಸೈಕಲ್ ದಾರಿ ಮಾಡಿಸುತ್ತೇವೆ" ಎಂದರು. ನೀವು ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಕುಮಾರಿ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಬಹಳ ಕಮ್ಮಿ.

ಸಭೆ ಮುಗಿಯಿತು. ಶಾಮಿಯಾನ ಬಿಚ್ಚಿದರು, ಹಗ್ಗ ಬಿಚ್ಚಿದರು, ಜೀಪೂ ಹೋಯಿತು, ಆಂಬುಲೆನ್ಸೂ ಹೋಯಿತು. ಹೆಂಗಸರು ಮನೆಗೆ ಹೇಗೆ ಹೋಗುತ್ತಾರೆ ಎಂಬುದು ಯಾರ ಕಾರ್ಯಕ್ರಮಪಟ್ಟಿಯಲ್ಲೂ ಇರಲಿಲ್ಲ. ಸೈಕಲ್ಲಲ್ಲಿ ಬಂದವರು ಸೈಕಲ್ಲಲ್ಲೇ ಹೋಗುತ್ತಾರೆ, ಅಷ್ಟೇ ತಾನೇ? ಹೊತ್ತು ಇಳಿಯುತ್ತಿತ್ತು. ನಾವು ಸಾಲಾಗಿ ಎಡದ ಅಂಚಿಗೆ ಹೊರಟೆವು. ಕುಮಾರಿ ಮುಂದೆ, ಕೈ ವಾಸಿಯಾಗಿ ಮತ್ತೆ ಸೈಕಲ್ ಹತ್ತಿದ್ದ ಶಿವರಂಜನಿ ಅವಳ ಹಿಂದೆ, ಕೊನೆಯಲ್ಲಿ ನಾನು.

ಊರು ಇನ್ನೇನು ಹತ್ತಿರವಾಯಿತು ಎನ್ನುವಾಗ ಹಿಂದಿನಿಂದ ಸೈರನ್ ಕೇಳಿಸಿತು. ಅತಿಥಿಗಳು ಊಟಕ್ಕೆ, ತಂಗಲಿಕ್ಕೆ ಬಂಡೀಪುರದ ಕಡೆ ಹೊರಟಿದ್ದರು. ಅವರ ಹಿಂದೆ ಕಾರುಗಳ ಸಾಲು. ಅವರಿಗೂ ನಮಗೂ ನಡುವೆ ಕೇರಳದ ಒಂದು ತರಕಾರಿ ಲಾರಿಯಿತ್ತು. ಮುಂದಿನ ಜೀಪಿನ ಪೊಲೀಸಿನವನು ಕಿಟಕಿಯಿಂದ ಲಾಠಿ ಚಾಚಿ ಲಾರಿಯ ಬಾಗಿಲಿಗೆ ಬಡಿಯುತ್ತಾ, "ಎಡಕ್ಕೆ ತಗಳಲೋ! ಎಡಕ್ಕೆ!" ಎಂದು ಕೂಗುತ್ತಿದ್ದ. ಲಾರಿಯವನು ಎಡಕ್ಕೆ ತೆಗೆದುಕೊಂಡ. ಎಡಕ್ಕೆ ನಾವಿದ್ದೆವು. ಲಾರಿ ನನ್ನನ್ನು ದಾಟಿತು, ಶಿವರಂಜನಿಯನ್ನು ದಾಟಿತು. ಮುಂದಿದ್ದ ಕುಮಾರಿಯ ಚಕ್ರ ಆ ಒಂದು ಗೇಣು ಅಂಚಿನಿಂದ ಜಾರಿತು. ಸೈಕಲ್ಲು ಹೊಲದ ಕಡೆ ಹಾರಿತು, ಅವಳು ಬಿದ್ದಳು. ಲಾರಿಯ ಎಡಗಡೆಯ ಚಕ್ರವೂ ಅದೇ ಅಂಚಿನಿಂದ ಕೆಳಗಿಳಿಯಿತು.

ನಿಮ್ಮ ಸಾಲು ನಿಲ್ಲಲಿಲ್ಲ. ಮಲಯಾಳಿ ಡ್ರೈವರು ಇಳಿದು ಬಂದು, ನೋಡಿ, ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ರಸ್ತೆಯ ನಡುವೆ ನಿಂತು ಬೀಸಿದ. ಒಂದೊಂದು ಕಾರೂ ಅವನನ್ನು ಬಳಸಿಕೊಂಡು ಹೋಯಿತು. ನಿಮ್ಮ ಕಾರಿನಲ್ಲಿ ನೀವಿದ್ದಿರಿ. ನಾನು ಕಂಡೆ. ಗಾಜು ಏರಿಸಿತ್ತು, ಎದೆಯ ಮೇಲೆ ಹಸಿರು ಟೇಪು ಇನ್ನೂ ಇತ್ತು. ನೀವೂ ನನ್ನನ್ನು ಕಂಡಿರಿ. ಆಮೇಲೆ ಕತ್ತು ಆ ಕಡೆಗೆ ತಿರುಗಿಸಿದಿರಿ. ಊಟ ಆರಿಹೋಗುತ್ತಿತ್ತೇ?

ಅರಿಶಿನದ ಮೂಟೆ ಹೇರಿಕೊಂಡು ಬಂದ ಟೆಂಪೋ ಒಂದು ನಿಂತಿತು. ಮೂಟೆಗಳ ಮೇಲೆ ಅವಳನ್ನು ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡೆ. ಲಾರಿಯ ಡ್ರೈವರು ಅವಳ ಕಾಲು ಹಿಡಿದುಕೊಂಡು ಕೂತಿದ್ದ. "ಸೈರನ್ ಪಿನ್ನಾಲೆ, ಹಿಂದೆ ಬಂತು ಟೀಚರೇ, ನಾನ್ ಎಲ್ಲಿ ಪೋಗಲಿ? ನಾನ್ ಎಲ್ಲಿ ಪೋಗಲಿ?" ಎಂದು ಅದನ್ನೇ ಹೇಳಿ ಹೇಳಿ ಅಳುತ್ತಿದ್ದ. ಕುಮಾರಿಗೆ ಸ್ವಲ್ಪ ಹೊತ್ತು ಎಚ್ಚರವಿತ್ತು. "ಅತ್ಗೆ, ಚಪ್ಲಿ ಅಲ್ಲೇ ಬಿದ್ದೋಯ್ತು. ಒಸಾವು. ಯಾರ್ಗಾರೂ ಎತ್ತಿಕ್ಕಕೆ ಏಳಿ" ಎಂದಳು. ಜಾಥಾಕ್ಕೆಂದೇ ಕೊಂಡ ಚಪ್ಪಲಿ. ಆಸ್ಪತ್ರೆಯ ಗೇಟಿನೊಳಗೆ ಹೋಗುವಾಗ ಅವಳ ಕೈ ತಣ್ಣಗಾಗಿತ್ತು.

ಮಾರನೇ ದಿನದ ಪತ್ರಿಕೆಯಲ್ಲಿ ಜಾಥಾದ ದೊಡ್ಡ ಫೋಟೋ ಬಂತು. ಬಾವುಟ ಹಿಡಿದು ನಗುತ್ತಿರುವವಳು ಕುಮಾರಿ, ಅವಳ ಹೆಗಲ ಹಿಂದೆ ನೀವು. ಒಳಪುಟದಲ್ಲಿ, ಕೇರಳದ ಲಾರಿ ಚಾಲಕನ ನಿರ್ಲಕ್ಷ್ಯದಿಂದ ಯುವತಿ ಸಾವು ಎಂದು ಸಣ್ಣ ಸುದ್ದಿ. ಸೈರನ್ನಿನ ಮಾತಿಲ್ಲ, ಅಂಚಿನ ಮಾತಿಲ್ಲ. ನಾನು ಠಾಣೆಗೆ ಹೋಗಿ ಕಂಡದ್ದನ್ನು ಹೇಳಿದೆ. ಬರೆದುಕೊಳ್ಳುತ್ತೇವೆ ಎಂದರು, ಪೆನ್ನು ಮುಟ್ಟಲಿಲ್ಲ. ಆ ಡ್ರೈವರು ಒಳಗಿದ್ದು, ಜಾಮೀನಿನ ಮೇಲೆ ಹೊರಗೆ ಬಂದವನು ನೇರ ನಮ್ಮ ಮನೆಗೆ ಬಂದ. ಹೊಡೆಯುತ್ತಾರೆಂದೇ ತಿಳಿದು ಬಂದಿದ್ದ. ಜಗಲಿಯ ಕೆಳಗೆ ಕೈಕಟ್ಟಿ ನಿಂತ. ಅತ್ತೆ ಅವನನ್ನು ನೋಡಿ, ಒಳಗೆ ಹೋಗಿ ಮುದ್ದೆ ಸಾರು ತಂದಿಟ್ಟರು. "ಉಣ್ಣಪ್ಪ. ನೀನಾದ್ರೂ ನಿಂತ್ಕಂಡೆ" ಎಂದರು.

ಸ್ವಲ್ಪ ದಿನಕ್ಕೆ ನಿಮ್ಮಿಂದಲೂ ಒಂದು ಲಕೋಟೆ ಬಂತು. ಸಂತಾಪವೇನೋ ಎಂದು ಒಡೆದೆ. ಜಾಥಾದಲ್ಲಿ ಭಾಗವಹಿಸಿದವರಿಗೆಲ್ಲ ಕಳಿಸಿದ ಪ್ರಶಂಸಾ ಪತ್ರ. 'ಕು. ಕುಮಾರಿ ಇವರ ಮುಂದಿನ ಪಯಣವು ಸುಖಕರವಾಗಿರಲಿ' ಎಂದು ಅಚ್ಚಾಗಿತ್ತು, ಕೆಳಗೆ ನಿಮ್ಮ ಸಹಿ. ನೀವು ಬೇಕೆಂದು ಕಳಿಸಿದ್ದಲ್ಲ, ಗೊತ್ತು. ಬೇಕೆಂದು ಮಾಡಿದ್ದರೆ ನಿಮ್ಮಲ್ಲಿ ದ್ವೇಷವಾದರೂ ಇದೆ ಎಂದುಕೊಳ್ಳುತ್ತಿದ್ದೆ. ದ್ವೇಷಿಸಲಿಕ್ಕೂ ಎದುರಿಗಿರುವವರು ಮನುಷ್ಯರೆಂದು ನೆನಪಿರಬೇಕು.

ನಾನೂ ಅತ್ತೆಯೂ ಮತ್ತೊಮ್ಮೆ ನಿಮ್ಮಲ್ಲಿಗೆ ಬಂದೆವು. ಘೋಷಣೆಯಾದ ದಾರಿ ಏನಾಯಿತು ಎಂದು ಕೇಳಿದೆ. "ಘೋಷಣೆ ಮಾಡಿದ್ದು ಅತಿಥಿಗಳು, ನಾನಲ್ಲ. ಸೈಕಲ್ಲಿಗೆ ಅಂತ ಸರ್ಕಾರದಲ್ಲಿ ಹಣ ಇಡೋ ಪದ್ಧತಿ ಇಲ್ಲ" ಎಂದಿರಿ. ಅತ್ತೆ ಸೆರಗು ಮುಂದಕ್ಕೆ ಎಳೆದುಕೊಂಡು, "ಬುದ್ದಿ, ಕಾಸು ಬ್ಯಾಡಿ. ಅಂಚ್ಗೆ ಮಣ್ಣು ನಾವೇ ಒತ್ಕಂಡು ಬತ್ತೀವಿ. ನಮ್ಮ ಕೇರಿಯೋರೂ ಬತ್ತರೆ, ಮೇಲ್ನೋರೂ ಬತ್ತರೆ. ಆಕ್ಕಳ್ಳಿ ಅಂತ ಒಂದು ಮಾತು ಅಪ್ಪಣೆ ಕೊಡಿ ಸಾಕು" ಎಂದರು.

"ಇಲಾಖೆಯ ರಸ್ತೆಗೆ ಸಾರ್ವಜನಿಕರು ಮಣ್ಣು ಹಾಕುವ ಹಾಗಿಲ್ಲ" ಎಂದಿರಿ.

ಹೆಣ ಹಾಕಬಹುದೇ ಎಂದು ನಾನು ಆಗ ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ.

ಹಣವಿಲ್ಲ ಎಂದವರು ಆಮೇಲೆ ಪಟ್ಟಣದ ಬಾಯಲ್ಲಿ ಸ್ವಾಗತ ಕಮಾನು ಕಟ್ಟಿಸಿದಿರಿ. ಅದರ ಕೆಳಗೆ ಹಾದುಹೋಗುವಾಗ ಒಳಗೆ ಬರುವವರಿಗೆ ಸ್ವಾಗತ, ಹೊರಗೆ ಹೋಗುವವರಿಗೆ ವಂದನೆ. ನಡುವೆ ಸಾಯುವವರಿಗೆ ಏನು ಹೇಳಬೇಕೆಂದು ಶಿಲ್ಪಿಗೆ ಹೊಳೆದಿಲ್ಲ. ಕಾರ್ಖಾನೆಗೆ ಒಂದು ಸಲಹೆ ಕಳಿಸಿದಿರಿ: ಹೆಣ್ಣುಮಕ್ಕಳು ಸೈಕಲ್ಲಿನಲ್ಲಿ ಬರುವುದು ಅಪಾಯಕರ ಎಂದು. ಮ್ಯಾನೇಜರು ಮಾರನೇ ದಿನವೇ ಅವರನ್ನೆಲ್ಲ ಗೇಟಿನಲ್ಲಿ ನಿಲ್ಲಿಸಿದರು. ಬಸ್ಸಿನಲ್ಲಿ ಬಂದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಬಸ್ಸು ಆ ಹೊತ್ತಿಗೆ ಬರುವುದಿಲ್ಲ ಎಂದು ಅವರಿಗೂ ಗೊತ್ತು. ಶಿವರಂಜನಿ ಈಗ ಮನೆಯಲ್ಲಿದ್ದಾಳೆ. ಬಾವಿಯ ಹತ್ತಿರ ಕಂಡರೆ ಅವಳು ನನ್ನ ಮುಖ ನೋಡುವುದಿಲ್ಲ, ನಮ್ಮ ಕೇರಿಯ ನೀರಿನ ವಿಚಾರ ಮೊದಲಿದ್ದಲ್ಲಿಗೇ ಬಂದು ನಿಂತಿದೆ. ಆಯಿತಲ್ಲ, ಎಲ್ಲರೂ ಸುರಕ್ಷಿತ. ರಸ್ತೆಯಿಂದ ಸೈಕಲ್ಲನ್ನೇ ಎತ್ತಿಬಿಟ್ಟರೆ ಸೈಕಲ್ ಅಪಘಾತ ಎಲ್ಲಿಂದ ಬರಬೇಕು? ನಿಮ್ಮ ವರದಿಯಲ್ಲಿ ಇದು ಸಾಧನೆಯ ಪಟ್ಟಿಯಲ್ಲಿ ಬರುತ್ತದೆಂದು ಬಲ್ಲೆ.

ಕೊನೆಗೆ ಬೋರ್ಡು. ನಿಮ್ಮವರು ಅದನ್ನು ನೆಟ್ಟು ಹೋದ ಮೇಲೆ ಅತ್ತೆ ನನ್ನನ್ನು ಕರೆದುಕೊಂಡು ಹೋಗಿ, ಏನು ಬರೆದದೆ ಓದು ಎಂದರು. ಓದಿದೆ. "ಇನ್ನೊಂದ್ಸಲ ಓದವ್ವ" ಎಂದರು. ಓದಿದೆ. "ಅಂಗಾರೆ ತಪ್ಪು ನನ್ನ ಮಗಳ್ದೇ ಅಂತ ಬರ್ದವ್ರಾ?" ಎಂದು ಕೇಳಿದರು. ಮಾರನೇ ದಿನ ಹಾಡಹಗಲಲ್ಲಿ, ಬಸ್ಸುಗಳು ನೋಡುತ್ತಾ ಹೋಗುತ್ತಿರುವಾಗ, ಅವರು ಹಾರೆ ಹಿಡಿದು ಹೋಗಿ ಬುಡ ಮೀಟತೊಡಗಿದರು. ಸಿಮೆಂಟು ಗಟ್ಟಿಯಾಗಿತ್ತು. ಆ ಗಟ್ಟಿತನ ಡಾಂಬರಿನ ಅಂಚಿಗೆ ಇದ್ದಿದ್ದರೆ! ಒಂದು ಕಾಲು ಬಾಗಿತು ಅಷ್ಟೇ. ಜೀಪು ಬಂತು. ಕುಮಾರಿ ಬಿದ್ದ ದಿನ ನಿಲ್ಲದ ಜೀಪು ಆ ದಿನ ಎಷ್ಟು ಚಂದಾಗಿ ನಿಂತಿತು! ಈಗ ಅವರು ವಾಯಿದೆಗೆ ವಾಯಿದೆ ಚಾಮರಾಜನಗರದ ಕೋರ್ಟಿಗೆ ಹೋಗಬೇಕು. ಬಸ್ಸು ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು, ಅದೇ ರಸ್ತೆಯಲ್ಲಿ, ನಡುವಿನಲ್ಲೇ ಹೋಗು ಎನ್ನುತ್ತಾರೆ. ಹಿಂದಿನಿಂದ ಲಾರಿಗಳು ಹಾರ್ನ್ ಮಾಡುತ್ತವೆ, ಬೈಯುತ್ತವೆ, ನಿಲ್ಲುತ್ತವೆ.

ಈ ಜಿಲ್ಲೆಯಲ್ಲಿ ಕಾರು ಇರುವವರು ಎಷ್ಟು ಮಂದಿ, ಸೈಕಲ್ಲು ಇರುವವರು ಎಷ್ಟು ಮಂದಿ ಎಂದು ಒಂದು ದಿನ ರಸ್ತೆಯಲ್ಲಿ ನಿಂತು ನೋಡಿ ಮಾನ್ಯರೇ. ಹಾಲಿನ ಕ್ಯಾನು ಸೈಕಲ್ಲಿನ ಮೇಲೆ ಬರುತ್ತದೆ. ರೇಷ್ಮೆಗೂಡು ಮಾರುಕಟ್ಟೆಗೆ ಸೈಕಲ್ಲಿನ ಮೇಲೆ ಹೋಗುತ್ತದೆ. ನಿಮ್ಮ ಕಚೇರಿಗೆ ಬೆಳಿಗ್ಗೆ ಬಂದು ನಿಮ್ಮ ಕುರ್ಚಿ ಒರೆಸಿಡುವವನೂ ಸೈಕಲ್ಲಿನ ಮೇಲೆ ಬರುತ್ತಾನೆ. ರಸ್ತೆಯ ಹಣದಲ್ಲಿ ಇವರ ಪಾಲು ಎಲ್ಲಿ? ಬೆವರು ಸುರಿಸಿ ಹೋಗುವವರಿಗೆ ಹಳ್ಳ, ಪೆಟ್ರೋಲು ಸುರಿಸಿ ಹೋಗುವವರಿಗೆ ಡಾಂಬರು, ಇದು ಯಾವ ಕಾನೂನಿನ ಪುಸ್ತಕದಲ್ಲಿದೆ?

ಆದ್ದರಿಂದ ಕೇಳುತ್ತೇನೆ, ಬೇಡುವುದಿಲ್ಲ. ರಸ್ತೆಗೆಂದು ಪ್ರತಿ ವರ್ಷ ಬರುವ ಹಣದಲ್ಲಿ ಸೈಕಲ್ಲಿಗೆಂದು ಒಂದು ಪಾಲು ಬೇರೆ ತೆಗೆದಿಡಬೇಕು. ಪದ್ಧತಿ ಇಲ್ಲದಿದ್ದರೆ ಮೇಲಿನವರಿಗೆ ಬರೆದು ಪದ್ಧತಿ ಮಾಡಿಸಬೇಕು. ಇನ್ನು ಮೇಲೆ ಅಗಲವಾಗುವ ಯಾವ ರಸ್ತೆಯೂ ಪಕ್ಕದಲ್ಲೊಂದು ಸೈಕಲ್ ದಾರಿಯಿಲ್ಲದೆ ಮಂಜೂರಾಗಬಾರದು. ಗುಂಡ್ಲುಪೇಟೆ ರಸ್ತೆಯ ಅಂಚು ಮಳೆಗಾಲದೊಳಗೆ ಇಳಿಜಾರಾಗಬೇಕು. ಕಾರ್ಖಾನೆಗೆ ಕಳಿಸಿದ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಮಲ್ಲಿಗಮ್ಮನ ಮೇಲಿನ ಕೇಸು ಹೋಗಬೇಕು. ಬೋರ್ಡೂ ಹೋಗಬೇಕು, ಇಟ್ಟುಕೊಳ್ಳಲೇಬೇಕು ಎನ್ನುವುದಾದರೆ ನಿಮ್ಮ ಮನೆಯ ಗೇಟಿನ ಮುಂದೆ ಇಟ್ಟುಕೊಳ್ಳಿ, ನಿಮ್ಮ ಮಕ್ಕಳು ಹೊರಗೆ ಹೋಗುವಾಗ ಓದಿಕೊಂಡು ಹೋಗಲಿ.

ಇದಿಷ್ಟೂ ಆಗುವುದಿಲ್ಲ, ಕಡತ ಬೇಕು, ಸಮಿತಿ ಬೇಕು, ಸಮಯ ಬೇಕು ಎನ್ನುವುದಾದರೆ ಒಂದೇ ಒಂದು ಕೆಲಸ ಮಾಡಿ. ಒಂದು ದಿನ ಸೈಕಲ್ಲಿನ ಮೇಲೆ ಚಾಮರಾಜನಗರದಿಂದ ನಮ್ಮೂರಿಗೆ ಬನ್ನಿ. ಮುಂದೆ ಜೀಪು ಬೇಡ, ಹಿಂದೆ ಆಂಬುಲೆನ್ಸು ಬೇಡ, ಹಗ್ಗ ಬೇಡ. ಒಬ್ಬರೇ ಬನ್ನಿ. ತಲುಪಿದರೆ ನಮ್ಮತ್ತೆ ಊಟ ಹಾಕುತ್ತಾರೆ. ಸೈಕಲ್ಲು ಇಲ್ಲ ಎಂಬ ನೆಪ ಬೇಡ. ಕುಮಾರಿಯದನ್ನು ರಿಪೇರಿ ಮಾಡಿಸಿ ಇಟ್ಟಿದ್ದೇವೆ, ಕಳಿಸಿಕೊಡುತ್ತೇವೆ. ಬ್ರೇಕು ಸರಿಯಿದೆ, ಬೆಲ್ಲು ಸರಿಯಿದೆ. ಹ್ಯಾಂಡಲ್ಲು ಮಾತ್ರ ಎಷ್ಟು ನೆಟ್ಟಗೆ ಮಾಡಿಸಿದರೂ ಸ್ವಲ್ಪ ಎಡಕ್ಕೆ ಎಳೆಯುತ್ತದೆ.

ಇಂತಿ,
ಈ ಪತ್ರ ಅಚ್ಚಾಗುವ ದಿನದವರೆಗಾದರೂ ಸರ್ಕಾರಿ ಶಾಲೆಯ ಶಿಕ್ಷಕಿಯಾಗಿರುವ,
ಶಾಂತಿ
ಗುಂಡ್ಲುಪೇಟೆ ತಾಲ್ಲೂಕು, ಜನವರಿ 1999